ಅಕ್ಕನ ಹಾಳೆ, ತಂಗಿಯ ಬೀಜ

ಗ್ರೂಪಿಗೆ ಮಾತು ರೆಕಾರ್ಡ್ ಮಾಡಿ ಕಳಿಸ್ತಿದ್ದೀನಿ, ಕೇಳಿಸ್ತಿದೆಯಾ? ಮೊನ್ನೆ ನಿಮ್ಮಲ್ಲೇ ಯಾರೋ ಅಂದ್ರಂತೆ, ಮುದುಕನ ತಲೆ ಜರಡಿ ಆಗಿದೆ ಅಂತ. ಸುಮ್ನೆ ಕೂತ್ಕೊಳ್ರೋ! ನಿನ್ನೆ ಏನು ಉಂಡೆ ಅನ್ನೋದು ಮರ್ತಿರಬಹುದು, ಆ ಕಾಲೇಜಿನ ಗಿಡದ ಕೋಣೇಲಿ ಯಾವ ಬೀರು ಕಿರುಗುಡ್ತಿತ್ತು ಅನ್ನೋದು ಮರ್ತಿಲ್ಲ.

ಆ ಕೋಣೇಲಿ ಅಂಟಿಸೋ ಹೆಂಗಸು ಒಬ್ಬಳಿದ್ಲು. ಕಾಡಿಂದ ತಂದು ಒಣಗಿಸಿದ ಕೊಂಬೆಗಳನ್ನ ದಪ್ಪ ಹಾಳೆಗೆ ಅಂಟಿಸಿ, ಉದುರಿದ ಹಣ್ಣನ್ನ ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಹಾಳೆ ಮೂಲೆಗೆ ಹಚ್ಚೋದು ಅವಳ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಎಲೆ ಮುರಿದಿಲ್ಲ ಅಂತ ಸಣ್ಣ ಜಂಬಾನೂ ಇತ್ತು. ಇರ್ಲಿ ಬಿಡಿ, ಬೇರೆ ಏನಿತ್ತು ಅವಳ ಹತ್ರ?

ಬೀರುವಲ್ಲಿ ಎರಡು ಕಾಡುಪೊದೆಗಳ ಹಾಳೆಗಳಿದ್ವು. ಎರಡಕ್ಕೂ ಕಪ್ಪು ಹಣ್ಣು, ಒಂದೇ ಗಾತ್ರ. ಅದಕ್ಕೇ ಅಕ್ಕ, ತಂಗಿ ಅಂತ ಕರೀತಿದ್ರು. ಹತ್ರ ಹೋಗಿ ನೋಡಿ, ಆಗ ಗೊತ್ತಾಗುತ್ತೆ. ಅಕ್ಕನ ಎಲೆ ಎದುರುಬದುರು ಜೋಡಿ, ಮುಳ್ಳು ಕವಲೊಡೆದಿದ್ದು, ಕಿತ್ರೆ ಹಾಲು ಸೋರುತ್ತೆ. ತಂಗೀದು ಎಲೆ ಒಂದು ಈ ಕಡೆ, ಒಂದು ಆ ಕಡೆ. ಮುಳ್ಳು ಸೂಜಿ ಥರ ನೆಟ್ಟಗೆ, ಹಾಲಿಲ್ಲ, ಹಣ್ಣಿನ ತುದೀಲಿ ಪುಟ್ಟ ಕಿರೀಟ. ಬೀಜ ಅಂದ್ರೆ ಅಕ್ಕಂದು ಚಪ್ಪಟೆ, ನಾಲ್ಕೇ ನಾಲ್ಕು. ತಂಗೀದು ಎಳ್ಳಿನ ಹಾಗೆ ರಾಶಿ.

ಪ್ರೊಫೆಸರ್ ಒಬ್ರು ಒಂಬತ್ತು ವರ್ಷ ಈ ಅಕ್ಕ-ತಂಗೀರ ಹಿಂದೆ ಬಿದ್ದಿದ್ರು. ಒಂದು ಹಳೇ ಹಾಳೇಲಿ ಕೊಂಬೆ ಅಕ್ಕಂದು, ಪೊಟ್ಟಣದಲ್ಲಿ ಮಾತ್ರ ಕಿರೀಟದ ಹಣ್ಣು, ಎಳ್ಳಿನಂಥ ಬೀಜ! "ಎರಡೂ ಕೂಡಿ ಹುಟ್ಟಿದ ಹೊಸ ಗಿಡ ಕಣಮ್ಮ ಇದು!" ಅಂತ ಮಗು ಥರ ಕುಣಿದಿದ್ರು. ಅದರ ಮೇಲೇ ಪುಸ್ತಕ ಬರೆದ್ರು. ಸೋಮವಾರ ಅಚ್ಚಿಗೆ ಹೋಗ್ಬೇಕು.

ಶುಕ್ರವಾರ ಅವಳು ಹರಿದ ಪೊಟ್ಟಣ ಒಂದನ್ನ ಸರಿ ಮಾಡ್ತಿದ್ಲು. ಅದು ತಂಗಿ ಹಾಳೇದು, ಪ್ರೊಫೆಸರ್ ಕುಣಿದ ಆ ಹಳೇ ಹಾಳೆ ಅಂಟಿಸಿದ ದಿನಾನೇ ಇದನ್ನೂ ಅಂಟಿಸಿದ್ದು. ಅದರೊಳಗಿಂದ ಉರುಳಿದ್ದು ಅಕ್ಕನ ಚಪ್ಪಟೆ ಬೀಜ. ಆಗ ಅವಳಿಗೆ ನೆನಪಾಯ್ತು. ಆ ದಿನ ಎರಡು ಕೊಂಬೇನೂ ಒಂದೇ ಮೇಜಿನ ಮೇಲಿತ್ತು, ಯಾರೋ ಫ್ಯಾನ್ ಹಾಕಿದ್ರು, ಹಣ್ಣೆಲ್ಲ ನೆಲದ ಪಾಲು. ಆರಿಸಿ ತುಂಬುವಾಗ ಅದಲು ಬದಲಾಗಿದೆ. ಹೊಸ ಗಿಡಾನೂ ಇಲ್ಲ, ಮಣ್ಣೂ ಇಲ್ಲ.

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಅಂದ, "ಹಾಗೇ ಅಂಟಿಸಿಬಿಡು ತಾಯಿ. ಇಷ್ಟು ವರ್ಷ ಯಾರೂ ಬಿಚ್ಚಿಲ್ಲ. ಇನ್ನಿಪ್ಪತ್ತು ವರ್ಷ ನಾವಿರ್ತೀವಾ?"

"ನಾವಿರಲ್ಲಣ್ಣ. ಹಾಳೆ ಇರುತ್ತೆ."

ಎರಡು ಹಾಳೇನೂ ಎತ್ಕೊಂಡು ಹೋದ್ಲು.

ಪ್ರೊಫೆಸರ್ ಭೂತಗನ್ನಡಿ ಹಿಡಿದು ನೋಡಿದ್ರು. ಇನ್ನೊಂದ್ಸಲ ನೋಡಿದ್ರು. ಆಮೇಲೆ ಕನ್ನಡಕ ತೆಗೆದಿಟ್ಟು ಕಣ್ಣುಜ್ಜಿಕೊಂಡ್ರು.

"ಒಂಬತ್ತು ವರ್ಷ ಕಣಮ್ಮ."

"ನನ್ನ ಕೈ ತಪ್ಪು ಸರ್. ಕೆಲಸದಿಂದ ತೆಗೆದುಬಿಡಿ."

"ನಿನ್ನ ತೆಗೆದು? ನಾನು ಅಂಟಿಸಲಾ? ಲಕೋಟೆ ಅಂಟಿಸೋಕೆ ಹೋದ್ರೆ ನನ್ನ ಬೆರಳೇ ಅಂಟ್ಕೊಳ್ಳುತ್ತೆ." ನಗು ಅರ್ಧಕ್ಕೇ ನಿಂತೋಯ್ತು. "ತಂಗಿ ಪೊಟ್ಟಣಾನೂ ನಾನು ಬಿಚ್ಚಿ ನೋಡ್ಬೇಕಿತ್ತು. ಖುಷೀಲಿ ನೋಡ್ಲಿಲ್ಲ. ನೋಡೋಕೆ ಮನಸ್ಸಾಗ್ಲಿಲ್ಲ ಅನ್ನು."

ಆ ಕೋಣೇಲಿ ಒಂದು ಪದ್ಧತಿ: ಹಾಳೆ ಮೇಲೆ ಬರೆದಿದ್ದನ್ನ ಯಾರೂ ಅಳಿಸೋ ಹಾಗಿಲ್ಲ. ತಪ್ಪಿದ್ರೆ ಪಕ್ಕದಲ್ಲಿ ಹೊಸ ಚೀಟಿ, ತಾರೀಖು, ಸಹಿ. ಅದನ್ನ ಬರೆಯೋದು ಯಾವಾಗ್ಲೂ ಪ್ರೊಫೆಸರುಗಳು. ಅವತ್ತು ಪೆನ್ನು ಅವಳ ಕಡೆ ತಳ್ಳಿದ್ರು. ಅವಳು 'ಪೊಟ್ಟಣ ಅದಲು ಬದಲು ಮಾಡಿದವಳು' ಅಂತ ಶುರು ಮಾಡಿದ್ಲು.

"ಅದು ಬೇಡ. 'ಕಂಡುಹಿಡಿದವಳು' ಅಂತ ಬರಿ."

ಬರೆದು ಸಹಿ ಹಾಕಿದ್ಲು. ಇಪ್ಪತ್ತೆರಡು ವರ್ಷದಲ್ಲಿ ಹಾಳೆ ಮೇಲೆ ಅವಳ ಮೊದಲನೇ ಸಹಿ. ಸೋಮವಾರ ಪುಸ್ತಕ ಅಚ್ಚಿಗೆ ಹೋಗ್ಲಿಲ್ಲ.

ಈಗ್ಲೂ ಕೆಲವರು ಅಂತಾರೆ, ಅವಳ ಬೇಜವಾಬ್ದಾರಿಯಿಂದ ಆ ಮನುಷ್ಯನ ಪುಸ್ತಕ ಹಾಳಾಯ್ತು ಅಂತ. ಆ ಅಟೆಂಡರ್ ನಾನೇ ಕಣ್ರೋ. ಸೆಕೆ ಅಂತ ಅವಳನ್ನ ಒಂದು ಮಾತು ಕೇಳ್ದೆ ಫ್ಯಾನ್ ಹಾಕಿದವನೂ ನಾನೇ. ಕೆಲಸ ಹೋದೀತು ಅಂತ ಬಾಯಿ ಬಿಡ್ಲಿಲ್ಲ. ಅವಳೂ ಯಾರ ಹತ್ರಾನೂ ನನ್ನ ಹೆಸರೆತ್ತಲಿಲ್ಲ. ಅವಳೀಗಿಲ್ಲ. ಅವಳ ಮಗಳ ನಂಬರ್ ನನ್ನ ಹತ್ರ ಇಲ್ಲ, ನಿಮ್ಮಲ್ಲಿ ಯಾರ ಹತ್ರಾನೋ ಇದ್ದೇ ಇರುತ್ತೆ. ಈ ರೆಕಾರ್ಡಿಂಗ್ ಮೊದಲು ಆ ಮಗಳಿಗೆ ಕಳಿಸಿ. ಆಮೇಲೆ ಉಳಿದವರಿಗೆ.