ಲಾಭ, ಎರಡು, ಮೂರು

ಐವತ್ತು ಗೂಡು ಸಿಕ್ಕರೆ ಧುಪದಾಳದ ಹಿನ್ನೀರಿನ ಮರಳುಗಡ್ಡೆ ಈ ಬೇಸಿಗೆಗೆ ರೀವ ಹಕ್ಕಿಗಳದ್ದು. ಒಂದೇ ಒಂದು ಕಡಿಮೆಯಾದರೂ ಗುರುಲಿಂಗಪ್ಪನ ಕಲ್ಲಂಗಡಿ ಬಳ್ಳಿಗಳದ್ದು. ಊರ ಸಭೆ ಹಾಗೆ ತೀರ್ಮಾನಿಸಿತ್ತು.

ದೋಣಿ ನಡೆಸುವ ಸುಂದ್ರವ್ವನಿಗೆ ಆ ಹಕ್ಕಿಗಳೆಂದರೆ ಜೀವ. ಹನ್ನೆರಡು ವರ್ಷದಿಂದ ನೋಡುತ್ತಿದ್ದಾಳೆ. ಕಡಲಹಕ್ಕಿಗಳ ಬಳಗದವು, ಹೊಳೆಗೆ ಬಂದು ಬರಿ ಮರಳಿನ ಮೇಲೆ ಮೊಟ್ಟೆ ಇಡುವಷ್ಟು ಗಟ್ಟಿ ಗುಂಡಿಗೆಯವು. ಮೊಟ್ಟೆಯ ಬಣ್ಣವೂ ಮರಳಿನದೇ. ಗೊತ್ತಿಲ್ಲದವರು ಕಾಲಿಟ್ಟರೆ ಮುಗಿಯಿತು. ಅದಕ್ಕೇ ಎಣಿಕೆಯ ದಿನ, ಕಾರವಾರದ ಕಡೆ ಸಮುದ್ರಹಕ್ಕಿ ಎಣಿಸಿ ಬಂದಿದ್ದ ಕಿಶೋರನನ್ನೂ ಆಕೆ ದೋಣಿಯಿಂದ ಇಳಿಸಲಿಲ್ಲ.

“ನೀವು ಅಲ್ಲೇ ಕುಂತು ಗೀಟು ಹಾಕ್ರಿ. ನಾ ಗೂಡು ನೋಡಿ ಕೂಗ್ತೇನಿ.”

“ಪೆಂಗ್ವಿನ್ ಸಿಕ್ಕರೆ?” ಕಿಶೋರ ನಕ್ಕ.

“ಅದನ್ನೂ ಕೂಗ್ತೇನಿ, ಬರಕೋರಿ.”

ಗೀಟು ಹಾಕುವುದೇನು ದೊಡ್ಡ ಕೆಲಸ ಅಂತೀರಾ? ಎಡವಟ್ಟಾದದ್ದು ಅಲ್ಲೇ.

ಸುಂದ್ರವ್ವ ಬರಿಗಾಲಲ್ಲಿ ಹೆಜ್ಜೆ ಅಳೆದಿಡುತ್ತ ಹೋದಳು. ಹಕ್ಕಿಗಳು ಕಿರುಚುತ್ತ ತಲೆಗೇ ಎರಗಿದವು. ಒಂದಂತೂ ಸೆರಗಿನ ಮೇಲೆ ಹಿಕ್ಕೆ ಹಾಕಿತು. “ಬೈಯವ್ವ, ಬೈ,” ಎಂದು ಅದಕ್ಕೂ ಸಮಾಧಾನ ಹೇಳಿದಳು. ಕೊನೆಯ ಗೂಡಿಗೆ “ಐವತ್ತು” ಎಂದು ಖುಷಿಯಿಂದ ಕೂಗಿದಳು.

ದಂಡೆಯಲ್ಲಿ ಸಭೆಯವರ ಎದುರು ಕಿಶೋರ ಗೀಟು ಎಣಿಸಿದ. ಮತ್ತೊಮ್ಮೆ ಎಣಿಸಿದ. ನಲವತ್ತೊಂಬತ್ತೇ.

ಕೊಣ್ಣೂರಿನಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಗುರುಲಿಂಗಪ್ಪ ಎದ್ದು ನಿಂತ. “ಕೂಗಿದ್ದು ಯಾರಿಗಿ ಬೇಕು? ಹಾಳ್ಯಾಗ ಇದ್ದದ್ದ ಖರೆ. ನಾಳೆ ಬೀಜ ಹಾಕಸ್ತೇನಿ.”

ಸುಂದ್ರವ್ವ ಹಾಳೆಯ ಮೇಲೆ ಬಗ್ಗಿದಳು. “ಮೊದಲನೇ ಗೂಡಿಗಿ ನಾ ಏನಂದೆ?” ಎಂದು ಕಿಶೋರನನ್ನು ಕೇಳಿದಳು.

“ಲಾಭ ಅಂದಿರಿ. ದೇವರನ್ನು ನೆನೆದಿರಿ ಅಂದುಕೊಂಡು ಗೀಟು ಹಾಕಲಿಲ್ಲ. ಆಮೇಲೆ ಹಕ್ಕಿಗಳ ಗದ್ದಲದಲ್ಲಿ ಅಂಕಿ ಸರಿಯಾಗಿ ಕೇಳಲಿಲ್ಲ. ಕೂಗಿಗೊಂದು ಗೀಟು ಹಾಕುತ್ತ ಹೋದೆ.”

ಸುಂದ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುರುಲಿಂಗಪ್ಪನ ಕಡೆ ತಿರುಗಿದಳು.

“ಕಾಕಾ, ಜ್ವಾಳ ಅಳಿಯೂ ಮುಂದ ಮೊದಲನೇ ಸೇರಿಗಿ ಒಂದು ಅನ್ನೂ ಬದಲಿ ಏನಂತೀರಿ?”

“ಲಾಭ,” ಎಂದ ಆತ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ.

“ಆ ಸೇರು ಲೆಕ್ಕಕ್ಕ ಐತೋ ಇಲ್ಲೋ? ಇಲ್ಲಾಂದ್ರ ಇಷ್ಟ ವರ್ಷ ನಮಗೆಲ್ಲ ಒಂದೊಂದ ಸೇರು ಕಡಿಮಿ ಅಳದಂಗಾತು.”

ದಂಡೆಯ ಮೇಲಿದ್ದವರೆಲ್ಲ ಆತನ ಗಿರಾಕಿಗಳೇ. ಎಲ್ಲರೂ ಆತನ ಬಾಯಿಯನ್ನೇ ನೋಡುತ್ತಿದ್ದರು.

“ಲೆಕ್ಕಕ್ಕ ಐತವ್ವಾ,” ಎಂದ ಗುರುಲಿಂಗಪ್ಪ. “ಹಾಕಪಾ ಗೀಟು.”

ಕಿಶೋರ ಎಲ್ಲ ಗೀಟುಗಳಿಗಿಂತ ಮೊದಲು ಇನ್ನೊಂದು ಎಳೆದ. ಸುಂದ್ರವ್ವ ಕಣ್ಣೊರೆಸಿಕೊಂಡು, ನಗುತ್ತ, ಮರಳುಗಡ್ಡೆಗೆ ಕೇಳುವಂತೆ ಕೂಗಿದಳು:

“ಆರಾಮ ಕೂಡ್ರೆವ್ವಾ ಇನ್ನ. ಗಡ್ಡಿ ನಿಮ್ಮದ.”