ಕುಬಾತ್ ಕಚ್ಚಿಟ್ಟ ರೊಟ್ಟಿ

ನನ್ನ ಗಂಡ ಕುಬಾತ್ ಕಚ್ಚಿಟ್ಟು ಹೋದ ರೊಟ್ಟಿ ಇನ್ನೂ ಬಾಗಿಲ ಪಕ್ಕದ ಮೊಳೆಯಲ್ಲೇ ಇದೆ. ನಮ್ಮಲ್ಲಿ ದೂರ ಹೊರಟವನು ಒಂದು ತುತ್ತು ಕಚ್ಚಿ ಹೋಗುತ್ತಾನೆ, ಉಳಿದದ್ದನ್ನು ತಿರುಗಿ ಬಂದು ತಿನ್ನುತ್ತಾನೆ. ಇದು ಈಗ ಕಲ್ಲಾಗಿದೆ. ತೆಗೆಯಲು ಅತ್ತೆಗೂ ಕೈ ಬಾರದು, ನನಗೂ.

ನನ್ನ ಕೆಲಸ ಹಿಮ ಅಳೆಯುವುದು. ಹತ್ತು ದಿನಕ್ಕೊಮ್ಮೆ ಊರ ಮೇಲಿನ ಇಳಿಜಾರಿನಲ್ಲಿ ನೆಲದವರೆಗೆ ಗುಂಡಿ ತೋಡಿ, ಯಾವ ಪದರ ಎಷ್ಟು ಗಟ್ಟಿ ಎಂದು ಬರೆದು ಕರಕೋಲ್ ಪಟ್ಟಣದ ಕಚೇರಿಗೆ ಕಳಿಸಬೇಕು. ಕುಬಾತ್‌ನದು ಪರದೇಶದ ಸ್ಕೀ ಮಂದಿಗೆ ದಾರಿ ತೋರಿಸುವ ಕೆಲಸ. "ನಾನು ಹದ್ದು, ಇವಳು ಇಲಿ. ಗುಂಡಿ ತೋಡ್ದೇ ಇದ್ರೆ ನಿದ್ದೆ ಬರಲ್ಲ ಇವಳಿಗೆ" ಎಂದು ನೆಂಟರ ಮುಂದೆ ನಗಾಡುತ್ತಿದ್ದ. ಅದು ನನಗೆ ಚುಚ್ಚುತ್ತಿತ್ತು.

ಆ ಜನವರಿಯ ಬೆಳಿಗ್ಗೆ ಗುಂಡಿಯಲ್ಲಿ ಕಂಡದ್ದು ಕೆಟ್ಟದಾಗಿತ್ತು. ಮೇಲೆ ಗಾಳಿ ತಂದು ಬಡಿದ ಗಟ್ಟಿ ಪದರ, ಅಡಿಯಲ್ಲಿ ನವೆಂಬರಿನ ಹಳೆಯ ಹಿಮ ಕಲ್ಲುಪ್ಪಿನ ಹಾಗೆ ಉದುರುತ್ತಿತ್ತು. ಮೇಲಿನದು ಯಾವಾಗ ಬೇಕಾದರೂ ಜಾರಬಹುದಿತ್ತು. ಹಿಂದಿರುಗುವಾಗ ಕಾಲಡಿಯಲ್ಲಿ ಎರಡು ಸಲ ಧಪ್ಪೆಂದು ಕುಸಿಯಿತು. ಎದ್ದುಬಿದ್ದು ಓಡಿ ಬಂದೆ.

ಅಂಗಳದಲ್ಲಿ ಇಬ್ಬರು ಅತಿಥಿಗಳು ಕುದುರೆ ಹತ್ತಿ ಕೂತಿದ್ದರು. ಕುಬಾತ್‌ನ ಒಂದು ಕಾಲು ರಿಕಾಪಿನಲ್ಲಿತ್ತು. ಅತ್ತೆ ಆಗಲೇ ರೊಟ್ಟಿ ಕಚ್ಚಿಸಿದ್ದರು.

"ಕುಬಾತ್, ಮೇಲಿನ ಇಳಿಜಾರು..." ಎಂದೆ.

ಅತ್ತೆ ನನ್ನ ತೋಳು ಹಿಂಡಿದರು. "ರೊಟ್ಟಿ ಕಚ್ಚಿ ಆಯ್ತು. ಹೊರಟವನ ಮುಂದೆ ಅಪಶಕುನ ಆಡ್ಬೇಡ. ಬಾಯ್ಮುಚ್ಚು."

"ಏನಂತೆ? ಇಲಿರಾಯರು ಏನೋ ಅಂತಿದ್ರು?" ಕುಬಾತ್ ನಕ್ಕ. ಅರ್ಥವಾಗದಿದ್ದರೂ ಅತಿಥಿಗಳೂ ನಕ್ಕರು.

"ಏನಿಲ್ಲ. ಹೋಗ್ಬಾ" ಎಂದೆ.

ನಾನು ಹೇಳದಿದ್ದುದಕ್ಕೆ ಅತ್ತೆಯ ಮೇಲಿನ ಹೆದರಿಕೆ ಅರ್ಧ ಕಾರಣ. ಇನ್ನರ್ಧ ನನ್ನ ಹಟ. ಹದ್ದಲ್ಲವೇ, ತಾನೇ ನೋಡಿಕೊಳ್ಳಲಿ ಎಂದುಕೊಂಡೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಅತಿಥಿಗಳಿಬ್ಬರೇ ಕುದುರೆ ಓಡಿಸಿಕೊಂಡು ಬಂದರು. ಕುಬಾತ್ ಸ್ಕೀ ಕಟ್ಟಿ ಮೊದಲು ಇಳಿದಿದ್ದ, ಇಡೀ ಬೆಟ್ಟದ ಮೈಯ ಹಿಮ ಒಡೆದು ಬೆನ್ನ ಹಿಂದಿನಿಂದ ಬಂದು ಅವನನ್ನು ಮುಚ್ಚಿತ್ತು. ಅಷ್ಟು ಆಳ ಅಗೆಯಲು ಇಬ್ಬರ ಕೈ ಸಾಲಲಿಲ್ಲವಂತೆ. ಊರೆಲ್ಲ ಸೇರಿ ಸಂಜೆಯ ಹೊತ್ತಿಗೆ ಹೆಣ ತೆಗೆದೆವು. ಅವನ ಕೈಗವಸಿಗೆ ಮೊದಲು ತಾಗಿದ್ದು ನನ್ನ ಸಲಿಕೆಯೇ.

ಅವನು ಸತ್ತ ನಲವತ್ತನೆಯ ದಿನ, ತಿಥಿಗೆ ಬೋರ್ಸೋಕ್ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದಾಗ ಅತ್ತೆ ಹೆಂಗಸರಿಗೆಲ್ಲ ಕೇಳುವಂತೆ ಅಂದರು, "ಇವಳಿಗೆ ಗೊತ್ತಿತ್ತು. ಇವಳ ನೌಕರಿನೇ ಅದು. ಊರಿಗೆಲ್ಲ ಬರ್ದು ಕಳಿಸ್ತಾಳೆ, ನನ್ನ ಮಗನಿಗೆ ಮಾತ್ರ ಹೇಳ್ಲಿಲ್ಲ." ನನ್ನ ತೋಳಿನ ಮೇಲಿನ ಅವರ ಉಗುರಿನ ಗುರುತು ಅಷ್ಟರಲ್ಲಿ ಮಾಯವಾಗಿತ್ತು. ತೋರಿಸಲು ಏನೂ ಉಳಿದಿರಲಿಲ್ಲ.

ಮಾರ್ಚಿನಲ್ಲಿ ಮೈದುನ ಮೆಡೆರ್ ಅದೇ ಕೆಲಸಕ್ಕೆ, ಅದೇ ಬೆಟ್ಟಕ್ಕೆ ಹೊರಟ. ಅತ್ತೆ ರೊಟ್ಟಿ ಹಿಡಿದು ಬಂದರು, ಆದರೆ ಅವನ ಬಾಯಿಗೆ ಕೊಡಲಿಲ್ಲ. ನನ್ನ ಕಡೆ ತಿರುಗಿದರು.

"ಬುರುಲ್, ಹಿಮ ಹೇಗಿದೆ? ಹೇಳಮ್ಮ."

ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ನನ್ನನ್ನು ಅಮ್ಮ ಅಂದರು. ಮುಂಜಾನೆಯೇ ಗುಂಡಿ ತೋಡಿ ನೋಡಿ ಬಂದಿದ್ದೆ. ಹಿಮ ತಳದವರೆಗೂ ಗಟ್ಟಿಯಾಗಿತ್ತು, ಭಯವಿರಲಿಲ್ಲ. ಒಂದೇ ಮಾತು ಸಾಕಿತ್ತು. ನಾನು ಬೂಟಿನ ಹಿಮ ಕೊಡವಿದೆ. ಸಲಿಕೆಯನ್ನು ಗೋಡೆಗೆ ಒರಗಿಸಿದೆ. ಕೈಗವಸುಗಳನ್ನು ಒಂದೊಂದಾಗಿ ಬಿಚ್ಚಿದೆ. ಅತ್ತೆ ರೊಟ್ಟಿಯನ್ನು ಎದೆಗವಚಿಕೊಂಡು ಇನ್ನೊಮ್ಮೆ ಕೇಳಿದ ಮೇಲೆ ಹೇಳಿದೆ, "ಹೋಗ್ಬಹುದು."