ಕೌದಿ ಹೊದ್ದ ಬ್ಯಾರಲ್‌ಗಳು

ಚಂದವ್ವನ ಓಣಿಗೆ ನಳ ಬರುವುದು ಎಂಟು ದಿನಕ್ಕೊಮ್ಮೆ. ಊರೇನೋ ನಿಡಗುಂದಿಯ ಮಗ್ಗುಲಿನದು. ಮಾಳಿಗೆ ಹತ್ತಿ ನಿಂತರೆ ಅಣೆಕಟ್ಟಿನ ಹಿನ್ನೀರು ಬೆಳ್ಳಗೆ ಕಾಣುತ್ತದೆ. ಆ ನೀರು ಹಿಂದೊಮ್ಮೆ ಇವರ ಹಳೆಯ ಊರನ್ನೂ ಹೊಲಗಳನ್ನೂ ನುಂಗಿ, ಇವರನ್ನೆಲ್ಲ ದಿನ್ನೆಗೆ ಹತ್ತಿಸಿತು. ಅಂದು ಬೇಡವೆಂದರೂ ಪಡಸಾಲೆಯವರೆಗೆ ಬಂದ ನೀರು ಇಂದು ಕೊಡ ಹಿಡಿದು ಕಾದರೂ ಬರುವುದಿಲ್ಲ. ಹೀಗಾಗಿ ಆ ಓಣಿಯವರಿಗೆ ನೀರಿನ ಮೇಲೆ ಸಿಟ್ಟೂ ಇದೆ, ಆಸೆಯೂ ಇದೆ.

ಚಂದವ್ವನ ಗಂಡ ಸಂಗಣ್ಣನಿಗೆ ಆಸೆ ಒಂದು ಪಾವು ಹೆಚ್ಚು. ಹಿತ್ತಲಿನಲ್ಲಿ ನಾಲ್ಕು ಬ್ಯಾರಲ್, ಎರಡು ಹಂಡೆ, ಬಾಯಿ ಒಡೆದ ಗಡಿಗೆಗಳು ಐದಾರು, ಅದು ಸಾಲದೆಂದು ಎಮ್ಮೆಗೆ ನೀರು ಕುಡಿಸುವ ಕಲ್ಲಿನ ದೋಣಿ. ಎಮ್ಮೆ ಮಾರಿ ಮೂರು ವರ್ಷವಾಗಿತ್ತು. ದೋಣಿಗೆ ಮಾತ್ರ ನೀರು ತಪ್ಪಿರಲಿಲ್ಲ. ನಳ ಬಂದ ದಿನ ಹಳೆಯದನ್ನು ಚೆಲ್ಲುವವನಲ್ಲ ಅವನು. ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದ. ತಳದ ನೀರು ಯಾವ ಕಾಲದ್ದೆಂದು ಅವನಿಗೇ ಗೊತ್ತಿರಲಿಲ್ಲ.

“ಒಂದ್ಸಲ ಚೆಲ್ಲಿ ತಿಕ್ಕೂಣ್ರಿ. ಹುಳಾ ಕುಣ್ಯಾಕತ್ತಾವು,” ಎಂದು ಚಂದವ್ವ ಹೇಳಿ ನೋಡಿದ್ದಳು.

“ಚೆಲ್ಲಾಕ ಇದೇನು ನಿನ್ನ ತವರಿಂದ ಬಂದ ನೀರೇನು?” ಎಂದಿದ್ದ ಸಂಗಣ್ಣ.

ಆಕೆ ಸುಮ್ಮನಾಗಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಸುಮ್ಮನಾಗುವುದು ಆಕೆಗೆ ಕೈಗೆ ಹತ್ತಿದ ಕೆಲಸ.

ಆದರೆ ಈ ಸಲ ಸುಮ್ಮನಿರಲು ಬರುವಂತಿರಲಿಲ್ಲ. ಮಗಳು ಸುರೇಖಾಳಿಗೆ ಏಳು ತಿಂಗಳು ತುಂಬಿ ಸೀಮಂತದ ಕುಬಸವಾಗಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಹಾಗಿರಲು ಸಿಂದಗಿಯಿಂದ ಬೀಗತಿ ಇಂದ್ರಾಬಾಯಿ ಫೋನು ಮಾಡಿದಳು.

“ನಿಮ್ಮ ಕಡೆ ಡೆಂಗಿ ಬಿದ್ದೈತಂತ ಸುದ್ದಿ ಐತಿ, ಅಕ್ಕಾರ. ಐತವಾರ ಹುಡುಗಿನ್ನ ಕರಕೊಂಡು ಬರ್ತೇನಿ. ಮನಿ, ಹಿತ್ತಲ ನೋಡ್ತೇನಿ. ಸೊಳ್ಳಿ ಕಂಡ್ರ ಹಂಗ ವಾಪಸ್ ಕರಕೊಂಡು ಹೋಗ್ತೇನಿ. ಸಿಟ್ಟಿಗೇಳಬ್ಯಾಡ್ರಿ.”

ಚಂದವ್ವನಿಗೆ ಸಿಟ್ಟು ಬರಲಿಲ್ಲ. ಸಂಗಣ್ಣನಿಗೆ ಮಾತ್ರ ಯುದ್ಧ ಸಾರಿದಂತಾಯಿತು. ಮುದ್ದೇಬಿಹಾಳಕ್ಕೆ ಹೋಗಿ ಸೊಳ್ಳೆ ಹೊಡೆಯುವ ಕರೆಂಟಿನ ಬ್ಯಾಟು ತಂದ. ಬೇವಿನ ಸೊಪ್ಪಿನ ಹೊಗೆ ಹಾಕಿ ಅಟ್ಟದ ಮೇಲಿನ ಬೆಕ್ಕನ್ನು ಓಡಿಸಿದ. ವಾಸನೆಗೆ ಸೊಳ್ಳೆ ಬರುವುದಿಲ್ಲವೆಂದು ಯಾರೋ ಹೇಳಿದ ಸಸಿ ತಂದು ನೆಟ್ಟ. ಅದಕ್ಕೆ ಎರೆಯಲು ಇನ್ನೊಂದು ಡಬ್ಬಿ ನೀರು ತುಂಬಿಟ್ಟ. ಇಷ್ಟಾದರೂ ಸೊಳ್ಳೆ ಕಡಿಮೆಯಾಗದಿದ್ದಾಗ ಪಕ್ಕದ ಮನೆಯ ಮೋದಿನಸಾಬನ ಗಟಾರದ ಮೇಲೆ ಪಂಚಾಯತಿಗೆ ಅರ್ಜಿ ಬರೆದ.

ಮೋದಿನಸಾಬ ಬಾಗಿಲಲ್ಲಿ ಕೂತು ಎಲೆ ಮಡಚುತ್ತಿದ್ದ. “ಸಂಗಣ್ಣಾ, ನನ್ನ ಗಟಾರ ಒಣಗಿ ಹದಿನೈದು ದಿನಾತು. ಅದರಾಗ ಕೋಳಿ ಮಲಗತಾವು. ಅರ್ಜಿಯೊಳಗ ಕೋಳಿ ಹೆಸರೂ ಹಾಕೀಯೇನು?”

“ಹಂಗಂದ್ರ ಇಷ್ಟು ಸೊಳ್ಳಿ ಎಲ್ಲಿಂದ ಬರ್ತಾವೋ?”

“ಅದನ್ನ ನಿನ್ನ ಎಮ್ಮಿ ದೋಣಿ ಕೇಳು.”

ಸಂಗಣ್ಣ ಕೇಳಲಿಲ್ಲ.

ಆ ವಾರವೇ ಪಂಚಾಯತಿಯವರು ಮತ್ತೆ ಸೊಳ್ಳೆ ಎಣಿಸುವ ಅಭಿಯಾನ ಹೂಡಿದರು. ಆಶಾ ಕಾರ್ಯಕರ್ತೆ ನಿಷತ ಕೈಯಲ್ಲಿ ಬ್ಯಾಟರಿ ಹಿಡಿದು ಮನೆಮನೆಗೆ ಬಂದು ನೀರಿನೊಳಗೆ ಬೆಳಕು ಬಿಡುತ್ತಿದ್ದಳು. ಮರಿ ಕುಣಿಯುವುದು ಕಂಡರೆ ನೀರು ಚೆಲ್ಲಿಸುತ್ತಿದ್ದಳು. ಹಿಂದಿನ ತಿಂಗಳು ಶೆಟ್ಟೆವ್ವನ ಒಂದು ತುಂಬಿದ ಹಂಡೆ ಹೀಗೆಯೇ ಮಣ್ಣುಪಾಲಾಗಿತ್ತು. ಶೆಟ್ಟೆವ್ವ ಸತ್ತವರಿಗೆ ಅಳುವ ಹಾಗೆ ಅತ್ತಿದ್ದಳು. ಅಂದಿನಿಂದ ಓಣಿ ಬುದ್ಧಿ ಕಲಿತಿತ್ತು. ನಿಷತ ಮೂಲೆಯ ಮನೆಗೆ ಕಾಲಿಟ್ಟಳೆಂದರೆ ಸಾಕು, ಮೊಬೈಲುಗಳು ಟಿಣ್ ಟಿಣ್ ಎಂದು ಸುದ್ದಿ ಮುಟ್ಟಿಸುತ್ತಿದ್ದವು. ಹಿಂದೆ ಕಳ್ಳಭಟ್ಟಿ ಮುಚ್ಚಿಡುತ್ತಿದ್ದ ಹಾಗೆ ಜನ ಈಗ ನೀರು ಮುಚ್ಚಿಡುತ್ತಿದ್ದರು. ಹಂಡೆಯ ಮೇಲೆ ಕುಳ್ಳಿನ ಬುಟ್ಟಿ, ಗಡಿಗೆಯ ಮೇಲೆ ಜೋಳದ ಕಣಿಕೆ. ಸಂಗಣ್ಣ ತನ್ನ ನಾಲ್ಕು ಬ್ಯಾರಲ್‌ಗೂ ದೋಣಿಗೂ ಚಂದವ್ವ ಹೊಲಿದ ಕೌದಿಗಳನ್ನು ಹೊದಿಸಿದ. ಮಗಳ ಬಾಣಂತನಕ್ಕೆಂದು ತೆಗೆದಿಟ್ಟ ಕೌದಿಗಳು ಅವು.

ನಿಷತ ಹಿತ್ತಲಿಗೆ ಬಂದು ನೋಡಿದಳು. “ಇವೇನ್ರಿ ಕಾಕಾರ?”

“ಹಾಸಿಗಿ ಸಾಮಾನ. ಬಿಸಲಿಗೆ ಇಟ್ಟೇನಿ.”

“ನೆಟ್ಟಗ ನಿಂತಾವಲ್ರಿ.”

“ಮಡಚಿ ಇಟ್ಟೇನವ್ವಾ.”

ಆ ಹುಡುಗಿಗೆ ಇನ್ನೂ ನಲವತ್ತು ಮನೆ ಬಾಕಿ ಇದ್ದವು. ಆಕೆ ಚಂದವ್ವನ ಮುಖ ನೋಡಿದಳು. ಚಂದವ್ವ ನೆಲ ನೋಡಿದಳು. ನಿಷತ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಸೊನ್ನೆ ಬರೆದು ಹೋದಳು.

ಓಣಿಯಲ್ಲೆಲ್ಲ ಸೊನ್ನೆ. ಪಂಚಾಯತಿಯವರಿಗೆ ಹಿಡಿಸಲಾರದ ಆನಂದವಾಯಿತು. ಶನಿವಾರ ಸಂಗಣ್ಣನ ಅಂಗಳದಲ್ಲಿ ಶಾಮಿಯಾನ ಹಾಕಿ ‘ಸೊಳ್ಳೆಮುಕ್ತ ಓಣಿ’ ಎಂಬ ಫಲಕ ಬಡಿದರು. ಭಾಷಣ ಮಾಡಿದ ಮಲ್ಲಣ್ಣ ಮೆಂಬರು ಪ್ರತಿ ವಾಕ್ಯಕ್ಕೊಮ್ಮೆ ತನ್ನ ಕುತ್ತಿಗೆಗೆ ತಾನೇ ಹೊಡೆದುಕೊಂಡ. ಜನ ಅದನ್ನು ಆವೇಶವೆಂದು ತಿಳಿದರು. ಚಪ್ಪಾಳೆಯೂ ಬಹಳ ಹೊತ್ತು ನಡೆಯಿತು. ಅದರಲ್ಲಿ ಅರ್ಧ ಮಲ್ಲಣ್ಣನಿಗೆ, ಅರ್ಧ ಸೊಳ್ಳೆಗೆ. ಫೋಟೋದಲ್ಲಿ ಹನ್ನೊಂದು ಮಂದಿ ನಿಂತಿದ್ದರು. ಒಂಬತ್ತು ಮಂದಿ ತುರಿಸಿಕೊಳ್ಳುತ್ತಿದ್ದರು.

“ಬೀಗತಿ ಬಂದು ಓದಲಿ,” ಎಂದ ಸಂಗಣ್ಣ, ಫಲಕಕ್ಕೆ ಇನ್ನೊಂದು ಮೊಳೆ ಬಡಿಯುತ್ತ. “ಸರಕಾರ ಹೇಳಿದ ಮ್ಯಾಲೆ ಆಕಿ ಏನು ಹೇಳ್ತಾಳ?”

ಐತವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಇಂದ್ರಾಬಾಯಿ ಬಂದಳು. ಹಿಂದೆ ಸುರೇಖಾ, ಒಂದು ಕೈ ಸೊಂಟಕ್ಕೆ ಕೊಟ್ಟು ನಿಧಾನವಾಗಿ ಅಂಗಳಕ್ಕೆ ಕಾಲಿಟ್ಟಳು. ಇಂದ್ರಾಬಾಯಿ ಫಲಕ ಓದಿದಳು, ತಲೆದೂಗಿದಳು, ಅಂಗಳದ ಕುರ್ಚಿಯಲ್ಲಿ ಕೂತಳು. ಚಹಾದ ಕಪ್ಪು ಬಾಯಿಗೆ ಹೋಗುವಷ್ಟರಲ್ಲಿ ಮೂರು ಸೊಳ್ಳೆ ಕಡಿದವು. ನಾಲ್ಕನೆಯದು ಚಹಾದಲ್ಲಿ ಬಿತ್ತು.

“ಇವು ನಮ್ಮ ಓಣಿಯವಲ್ಲ,” ಎಂದ ಸಂಗಣ್ಣ. “ಹೊರಗಿಂದ ಬಂದಾವು.”

“ಫಲಕ ಓದೂದು ಬರೂದಿಲ್ಲೇನ್ರಿ ಅವಕ್ಕ?” ಎಂದು ಇಂದ್ರಾಬಾಯಿ ಎದ್ದು ನೆಟ್ಟಗೆ ಹಿತ್ತಲಿಗೆ ನಡೆದಳು. ಹೊಲದಲ್ಲಿ ದುಡಿದ ಹೆಂಗಸು. ಮುಚ್ಚಿಟ್ಟದ್ದರ ಮೇಲೆಯೇ ಆಕೆಯ ಕಣ್ಣು. ಒಂದು ಕೌದಿ ಹಿಡಿದು ಎಳೆದಳು. ಗೂಂಯ್ ಎಂದು ಕಪ್ಪು ಹೊಗೆಯಂತೆ ಸೊಳ್ಳೆಗಳು ಎದ್ದವು. ನೀರಿನೊಳಗೆ ಮರಿಗಳು ಜಾತ್ರೆ ಕೂಡಿದ ಹಾಗೆ ಕುಣಿಯುತ್ತಿದ್ದವು.

“ಬೀಗ್ರ,” ಎಂದಳು ಇಂದ್ರಾಬಾಯಿ, ದನಿ ಏರಿಸದೆ, “ನನ್ನ ಸೊಸಿಗೆ ಬಾಣಂತನ ಮಾಡ್ತೀರಿ ಅಂತ ತಿಳದಿದ್ದೆ. ನೀವು ಸೊಳ್ಳಿಗೆ ಮಾಡಾಕತ್ತೀರಿ. ಸುರೇಖಾ, ಚೀಲ ತಗೋ. ಬಸ್ ಇನ್ನೂ ಐತಿ.”

ಸುರೇಖಾ ತಾಯಿಯ ಮುಖ ನೋಡಿದಳು. ಮಗಳ ಕಣ್ಣಲ್ಲಿ ನೀರಿತ್ತು.

ಚಂದವ್ವ ಸೆರಗು ಬಿಗಿದು, ಮೊದಲನೆಯ ಬ್ಯಾರಲಿಗೆ ಭುಜ ಕೊಟ್ಟು ನೂಕಿದಳು. ನೀರು ಭಸ್ಸೆಂದು ಹಿತ್ತಲಿನ ತುಂಬ ಹರಿಯಿತು.

“ಏ, ಏನ ಮಾಡಾಕತ್ತೀ? ನಳ ಬರಾಕ ಇನ್ನೂ ಮೂರು ದಿನ ಐತಿ,” ಎಂದು ಸಂಗಣ್ಣ ಓಡಿ ಬಂದ. ಅಷ್ಟರಲ್ಲಿ ಎರಡನೆಯದೂ ಉರುಳಿತು. ಅವನು ಮೂರನೆಯದನ್ನು ತಬ್ಬಿಕೊಂಡು ನಿಂತ.

“ಬಿಡ್ರಿ,” ಎಂದಳು ಚಂದವ್ವ. “ನೀರಿಗೆ ಊರು ಕೊಟ್ಟೇವಿ. ಮಗಳನ್ನ ಕೊಡಂಗಿಲ್ಲ.”

ಅವನು ಸೊಸೆಯಾಗಿ ಹೋದ ಮಗಳ ಕಡೆ ನೋಡಿದ, ಹರಿದ ನೀರಿನ ಕಡೆ ನೋಡಿದ, ಕೈ ಸಡಿಲಿಸಿದ. ಸದ್ದು ಕೇಳಿ ಬೇಲಿಯಾಚೆ ತಲೆಗಳು ಎದ್ದವು. ನೀರು ಚೆಲ್ಲುವುದನ್ನು ನೋಡಲಾರದೆ ಶೆಟ್ಟೆವ್ವ ಕಣ್ಣು ಮುಚ್ಚಿಕೊಂಡಳು. ಮೋದಿನಸಾಬ, “ಕುಡಿಯಾಕ ಎರಡು ಕೊಡ ನಮ್ಮನಿಯಿಂದ ಒಯ್ಯವ್ವಾ,” ಎಂದ. ಗಡಿಗೆ, ಹಂಡೆಗಳೆಲ್ಲ ಬೋರಲಾದವು. ಕಲ್ಲಿನ ದೋಣಿ ಅಲುಗಲಿಲ್ಲ. ಚಂದವ್ವ ಚರಿಗೆಯಿಂದ ಅದರ ನೀರು ತೋಡಿ ತೋಡಿ ಚೆಲ್ಲಿದಳು.

ಇಂದ್ರಾಬಾಯಿ ಬರಿದಾದ ಬ್ಯಾರಲಿನೊಳಗೆ ಕೈ ಹಾಕಿ ಗೋಡೆ ಸವರಿ ನೋಡಿದಳು. “ಬರೇ ಚೆಲ್ಲಿದ್ರ ಆಗಂಗಿಲ್ರಿ ಬೀಗ್ರ. ತತ್ತಿ ಇಲ್ಲೆ ಅಂಟಿಕೊಂಡಿರ್ತಾವು. ಗಸಗಸ ತಿಕ್ಕಬೇಕು, ಬಿಸಲಿಗೆ ಒಣಗಿಸಬೇಕು. ವಾರಕ್ಕೊಮ್ಮೆ. ತುಂಬಿದ ಮ್ಯಾಲೆ ಬಾಯಿಗೆ ಅರಿವಿ ಬಿಗದ ಕಟ್ಟಬೇಕು. ನೀವು ತಿಕ್ಕೂದು ನೋಡಿ ಹೋಗ್ತೇನಿ. ಎಷ್ಟು ದಿನಾ ಆಗತೈತೋ ಆಗಲಿ,” ಎಂದು ತೆಂಗಿನ ಗುಂಜು ಸಂಗಣ್ಣನ ಕೈಗೆ ಕೊಟ್ಟಳು.

ಸಂಗಣ್ಣ ಸೊಂಟದವರೆಗೆ ಬ್ಯಾರಲಿನೊಳಗೆ ಹೋದ. ಒಳಗಿನಿಂದ ಅವನ ದನಿ ಗುಡುಗಿದಂತೆ ಕೇಳಿತು: “ಮೂರು ದಿನ ಜಳಕಕ್ಕೇನು ಮಾಡೂದು?”

“ಜಳಕದ ಬದ್ಲಿ ಸೊಳ್ಳಿ ಬ್ಯಾಟ್ ಐತಲ್ರಿ, ಅದನ್ನ ಆಡಸ್ರಿ,” ಎಂದಳು ಚಂದವ್ವ. ಸುರೇಖಾಳ ಕೈಯಿಂದ ಚೀಲ ಇಸಿದುಕೊಂಡು, ಹಾಸಿಗೆ ಹಾಸಲು ಒಳಗೆ ಹೋದಳು.